ಗಾಳಿಗೆ ಹೋದ ಏಳು ಕಿಲೋ

ರಾಸಾಯನಿಕ ಉದ್ಯಮದ ಹೊಗೆ ಮತ್ತು ಮರುಬಳಕೆ ಬಗ್ಗೆ ಕೆಮಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ ಇದು. ಬರಹಕ್ಕೆ ಇಳಿಸುವಾಗ ಬೋರ್ಡ್ ಮೇಲೆ ಬರೆದ ಸಮೀಕರಣಗಳನ್ನು ಬಿಟ್ಟಿದ್ದೇನೆ. ಮಾತು ಹೆಚ್ಚುಕಡಿಮೆ ಹಾಗೇ ಇದೆ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ. ನನ್ನ ಮೇಲಿನ ಇಂಜಿನಿಯರ್ ಒಂದು ರಿಜಿಸ್ಟರ್ ತಂದು ಮೇಜಿನ ಮೇಲೆ ಇಟ್ಟರು. "ಓದು, ಏನು ತಪ್ಪಿದೆ ಹೇಳು" ಅಂದರು. ಒಳಗಿದ್ದದ್ದು ಟೊಲುವೀನ್ ಲೆಕ್ಕ. ನಮ್ಮ ಪ್ಲಾಂಟ್‌ನಲ್ಲಿ ಟೊಲುವೀನ್ ಬರೀ ಸಾಲ್ವೆಂಟ್, ಅಂದರೆ ಬೇರೆ ವಸ್ತುಗಳನ್ನು ಕರಗಿಸಿಕೊಳ್ಳುವ ದ್ರವ. ಉತ್ಪನ್ನದೊಳಗೆ ಅದು ಸೇರುವುದೇ ಇಲ್ಲ. ಕೆಲಸ ಮುಗಿದ ಮೇಲೆ ಬಟ್ಟಿ ಇಳಿಸಿ ವಾಪಸ್ ತೆಗೆದು ಮತ್ತೆ ಹಾಕುತ್ತಿದ್ದೆವು. ಅಂದಮೇಲೆ ನೂರು ಕಿಲೋ ಹಾಕಿದರೆ ನೂರು ಕಿಲೋ ವಾಪಸ್ ಬರಬೇಕು, ಅಲ್ವಾ? ಬರುತ್ತಿದ್ದದ್ದು ತೊಂಬತ್ಮೂರು. ಉಳಿದ ಏಳರ ಮುಂದೆ ಯಾರೋ ಪೆನ್ಸಿಲ್‌ನಲ್ಲಿ ಬರೆದಿದ್ದರು: "ಗಾಳಿಗೆ ಹೋಯ್ತು." ಪುಟ ತಿರುಗಿಸಿದೆ. ಅಲ್ಲೂ ಅದೇ. ವರ್ಷಪೂರ್ತಿ ಅದೇ.

"ಕೂಡಿದರೆ ನೂರಾಗುತ್ತೆ ಸರ್, ತಪ್ಪೇನೂ ಇಲ್ಲ" ಅಂದೆ.

ಅವರು ನಕ್ಕರು. "ಗಾಳಿ ಅನ್ನೋದು ನಮ್ಮ ಪ್ಲಾಂಟ್‌ನ ಟ್ಯಾಂಕ್ ಅಲ್ಲ ಮಾರಾಯ."

ಆ ಏಳು ಕಿಲೋ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಸಣ್ಣ ಲೆಕ್ಕ. ಗಾಳಿಗೆ ಹೋದ ಟೊಲುವೀನ್ ಅಲ್ಲೇ ಹಾಗೇ ಕೂತಿರುವುದಿಲ್ಲ. ಒಡೆಯುತ್ತಾ ಒಡೆಯುತ್ತಾ ಕೊನೆಗೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಟೊಲುವೀನ್‌ನ ಅಣುವಿನಲ್ಲಿ ಏಳು ಕಾರ್ಬನ್ ಇವೆ. 92 ಕಿಲೋ ಟೊಲುವೀನ್ ಪೂರ್ತಿ ಹಾಗೆ ಬದಲಾದರೆ 308 ಕಿಲೋ ಡೈಆಕ್ಸೈಡ್. ನಮ್ಮ ಏಳು ಕಿಲೋ ಅಂದರೆ 23 ಕಿಲೋ. ಚಿಮಣಿಯೇ ಇಲ್ಲದ ಜಾಗದಿಂದ ಹೋದ ಹೊಗೆ ಇದು.

ರಾಸಾಯನಿಕ ಉದ್ಯಮದ ವಿಚಿತ್ರ ಇರುವುದೇ ಇಲ್ಲಿ. ಬೇರೆ ಬಹಳಷ್ಟು ಉದ್ಯಮಗಳಿಗೆ ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಅಂದರೆ ಉರುವಲು. ಉರುವಲು ಬದಲಾಯಿಸಿದರೆ ಅರ್ಧ ಕೆಲಸ ಆಯಿತು. ನಮ್ಮಲ್ಲಿ ಹಾಗಿಲ್ಲ. ಈ ಉದ್ಯಮದೊಳಗೆ ಹೋಗುವ ಎಣ್ಣೆ, ಗ್ಯಾಸ್‌ನಲ್ಲಿ ಸುಮಾರು ಅರ್ಧ ಪಾಲು ಉರಿಯುವುದೇ ಇಲ್ಲ. ಅದು ಕಚ್ಚಾ ವಸ್ತು. ಪ್ಲಾಸ್ಟಿಕ್ ಆಗುತ್ತದೆ, ಬಣ್ಣ ಆಗುತ್ತದೆ, ಔಷಧಿ ಆಗುತ್ತದೆ. "ಕಾರ್ಬನ್ ಬಿಟ್ಟುಬಿಡಿ" ಅಂತ ಪ್ಯಾರಾಸಿಟಮಾಲ್ ಮಾಡುವವನಿಗೆ ಹೇಳಿ ನೋಡಿ. ಆ ಗುಳಿಗೆಯೇ ಕಾರ್ಬನ್ನಿನದು.

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ ಈ ಉದ್ಯಮ ನೇರವಾಗಿ ಹೊರಬಿಡುವ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ 90 ಕೋಟಿ ಟನ್‌ಗಿಂತ ಜಾಸ್ತಿ. ಸಿಮೆಂಟ್ ಮತ್ತು ಉಕ್ಕಿನ ನಂತರ ಮೂರನೇ ಜಾಗ. ಆದರೆ ಅದು ಕಾರ್ಖಾನೆಯ ಬೇಲಿಯೊಳಗಿನ ಲೆಕ್ಕ ಮಾತ್ರ. ಒಂದು ಕಿಲೋ ಪಾಲಿಥೀನ್ ಗೇಟು ದಾಟಿ ಹೋಗಿ, ಎಲ್ಲೋ ಕಸದ ಜೊತೆ ಸುಟ್ಟುಹೋದರೆ ಮೂರು ಕಿಲೋಗಿಂತ ಜಾಸ್ತಿ ಡೈಆಕ್ಸೈಡ್ ಆಗುತ್ತದೆ. ಆ ಮೂರು ಕಿಲೋ ನಮ್ಮ ಪುಸ್ತಕದಲ್ಲಿ ಇರುವುದಿಲ್ಲ. ಅದಕ್ಕೇ ಹೊಗೆ ಕಡಿಮೆ ಮಾಡುವುದು, ಮರುಬಳಕೆ ಹೆಚ್ಚಿಸುವುದು ಅಂತ ಎರಡು ಬೇರೆ ಬೇರೆ ವಿಷಯ ಮಾಡಿ ಮಾತಾಡಲು ನನಗೆ ಇಷ್ಟವಿಲ್ಲ. ಎರಡೂ ಅದೇ ರಿಜಿಸ್ಟರ್‌ನ ಪುಟಗಳು.

ಅಮೋನಿಯಾದಿಂದ ಶುರು ಮಾಡೋಣ. ಈ ಉದ್ಯಮದಲ್ಲಿ ಅತಿ ಹೆಚ್ಚು ಡೈಆಕ್ಸೈಡ್ ಬಿಡುವ ವಸ್ತು ಯಾವುದು ಅಂದರೆ ಜನ ಪ್ಲಾಸ್ಟಿಕ್ ಅನ್ನುತ್ತಾರೆ. ಉತ್ತರ ಅಮೋನಿಯಾ. ತಮಾಷೆ ಏನೆಂದರೆ ಅಮೋನಿಯಾದಲ್ಲಿ ಕಾರ್ಬನ್ನೇ ಇಲ್ಲ. ಒಂದು ಸಾರಜನಕ, ಮೂರು ಜಲಜನಕ, ಅಷ್ಟೇ. ಸಾರಜನಕ ಗಾಳಿಯಲ್ಲಿ ಪುಕ್ಕಟೆ ಇದೆ. ಜಲಜನಕವನ್ನು ಮಾತ್ರ ಯಾವುದರಿಂದಲಾದರೂ ಕೀಳಬೇಕು. ಸಾಮಾನ್ಯವಾಗಿ ಕೀಳುವುದು ನೈಸರ್ಗಿಕ ಅನಿಲದಿಂದ, ಅಂದರೆ ಮೀಥೇನ್‌ನಿಂದ. ಮೀಥೇನ್‌ಗೆ ಸ್ಟೀಮ್ ಸೇರಿಸಿ ಕಾಯಿಸಿದರೆ ಜಲಜನಕ ಕೈಗೆ ಬರುತ್ತದೆ, ಕಾರ್ಬನ್ ಡೈಆಕ್ಸೈಡ್ ಆಗಿ ಹೊರಗೆ ಬೀಳುತ್ತದೆ.

ಎಷ್ಟು ಬೀಳುತ್ತದೆ? ಪೆನ್ನು ತೆಗೆಯಿರಿ. ಒಂದು ಮೀಥೇನ್‌ನಿಂದ, ಸ್ಟೀಮ್‌ನ ಪಾಲೂ ಸೇರಿ, ನಾಲ್ಕು ಜಲಜನಕ ಅಣು ಸಿಗುತ್ತವೆ, ಒಂದು ಡೈಆಕ್ಸೈಡ್ ಹುಟ್ಟುತ್ತದೆ. ಎರಡು ಅಮೋನಿಯಾಕ್ಕೆ ಮೂರು ಜಲಜನಕ ಸಾಕು. ಭಾಗಿಸಿ ಗುಣಿಸಿದರೆ 34 ಕಿಲೋ ಅಮೋನಿಯಾಕ್ಕೆ 33 ಕಿಲೋ ಡೈಆಕ್ಸೈಡ್. ಟನ್ನಿಗೆ ಹತ್ತಿರ ಹತ್ತಿರ ಒಂದು ಟನ್. ಇದು ಒಂದು ಕಡ್ಡಿಯನ್ನೂ ಉರಿಸದ, ಕಾಗದದ ಮೇಲಿನ ಪ್ಲಾಂಟ್. ಕುಲುಮೆ, ಕಂಪ್ರೆಸರ್ ಎಲ್ಲ ಸೇರಿದರೆ ಒಳ್ಳೆಯ ಗ್ಯಾಸ್ ಪ್ಲಾಂಟ್‌ನಲ್ಲೂ ಎರಡು ಟನ್ ಹತ್ತಿರ ಹೋಗುತ್ತದೆ. ಕಲ್ಲಿದ್ದಲಿನಿಂದ ಮಾಡಿದರೆ ಮೂರು ಟನ್ ದಾಟುತ್ತದೆ. 2020ರಲ್ಲಿ ಜಗತ್ತು ಮಾಡಿದ ಅಮೋನಿಯಾ ಸುಮಾರು 18.5 ಕೋಟಿ ಟನ್. ಅದರಿಂದ ಬಂದ ಡೈಆಕ್ಸೈಡ್ ಸುಮಾರು 45 ಕೋಟಿ ಟನ್.

ಬೈಯುವ ಮುಂಚೆ ಒಂದು ಮಾತು. ಫ್ರಿಟ್ಜ್ ಹೇಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ್ದನ್ನು ಕಾರ್ಲ್ ಬಾಷ್ 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಕಾರ್ಖಾನೆ ಮಾಡಿದರು. ಇವತ್ತು ಜಗತ್ತಿನ ಸುಮಾರು ಅರ್ಧ ಜನರ ಊಟ ಈ ಅಮೋನಿಯಾದ ಗೊಬ್ಬರದ ಮೇಲೆ ನಿಂತಿದೆ. ನಿಲ್ಲಿಸಿ ಅನ್ನುವ ಹಾಗಿಲ್ಲ.

ಯೂರಿಯಾ ಪ್ಲಾಂಟ್‌ನವರು ಒಂದು ಮಾತು ಹೇಳುತ್ತಾರೆ: "ನಮ್ಮ ಡೈಆಕ್ಸೈಡ್ ವ್ಯರ್ಥ ಆಗಲ್ಲ, ಯೂರಿಯಾ ಮಾಡ್ತೀವಿ." ನಿಜ. 60 ಕಿಲೋ ಯೂರಿಯಾದೊಳಗೆ 44 ಕಿಲೋ ಡೈಆಕ್ಸೈಡ್ ಕೂತಿರುತ್ತದೆ. ಆದರೆ ಯೂರಿಯಾ ಮಣ್ಣಿಗೆ ಬಿದ್ದು ಒದ್ದೆಯಾದ ಕೆಲವೇ ದಿನಗಳಲ್ಲಿ ಕರಗಿ ಒಡೆಯುತ್ತದೆ, ಕೂತಿದ್ದದ್ದು ಎದ್ದು ಹೋಗುತ್ತದೆ. ಹೊಗೆ ಕಾರ್ಖಾನೆಯಲ್ಲಿ ಬರುವ ಬದಲು ಹೊಲದಲ್ಲಿ ಬಂತು, ಅಷ್ಟೇ ವ್ಯತ್ಯಾಸ.

ಇದಕ್ಕೆ ಬೇರೆ ದಾರಿ ಇದೆ. ಜಲಜನಕವನ್ನು ನೀರಿನಿಂದ ತೆಗೆಯುವುದು. ನೀರಿಗೆ ಕರೆಂಟ್ ಕೊಟ್ಟು ಒಡೆಯುವುದು. ಇದನ್ನು ಈಗ ಹೊಸ ಆವಿಷ್ಕಾರದ ಥರ ಮಾತಾಡುತ್ತಾರೆ. ನಾರ್ವೆಯ ರ್ಯೂಕನ್ ಎಂಬ ಕಣಿವೆಯಲ್ಲಿ ಜಲಪಾತದ ಕರೆಂಟ್ ಬಳಸಿ 1920ರ ದಶಕದ ಕೊನೆಯಿಂದಲೇ ಹೀಗೆ ಜಲಜನಕ ಮಾಡಿ ಅಮೋನಿಯಾ ಮಾಡುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಭಾರಜಲ (ಪರಮಾಣು ಪ್ರಯೋಗಕ್ಕೆ ಬೇಕಾದ ವಿಶೇಷ ನೀರು) ತಯಾರಾಗುತ್ತಿದ್ದ ಕಾರಣಕ್ಕೆ ದಾಳಿಗೆ ಒಳಗಾದ ವೆಮೋರ್ಕ್ ಕಾರ್ಖಾನೆ ಇದೆಯಲ್ಲ, ಅದೇ ಇದು. ಆಮೇಲೆ ಗ್ಯಾಸ್ ಅಗ್ಗವಾಯಿತು, ವಿಧಾನ ಮೂಲೆಗೆ ಹೋಯಿತು. ರಸಾಯನಶಾಸ್ತ್ರ ಬದಲಾಗಲಿಲ್ಲ, ಗ್ಯಾಸಿನ ರೇಟು ಬದಲಾಯಿತು.

ಕಷ್ಟ ಇರುವುದು ಕರೆಂಟಿನಲ್ಲಿ. ಒಂದು ಟನ್ ಅಮೋನಿಯಾದಲ್ಲಿ ಸುಮಾರು 177 ಕಿಲೋ ಜಲಜನಕ ಇದೆ. ಕಿಲೋಗೆ 50ರಿಂದ 55 ಯೂನಿಟ್ ಹಿಡಿದರೆ ಟನ್ನಿಗೆ ಒಂಬತ್ತು-ಹತ್ತು ಸಾವಿರ ಯೂನಿಟ್. ಇಡೀ ಜಗತ್ತಿನ ಅಮೋನಿಯಾವನ್ನು ಹೀಗೇ ಮಾಡಲು ಹೊರಟರೆ ಜಗತ್ತಿನ ಒಟ್ಟು ವಿದ್ಯುತ್ತಿನಲ್ಲಿ ನೂರಕ್ಕೆ ಆರು ಪಾಲು ಅದಕ್ಕೇ ಬೇಕು. ಆ ಕರೆಂಟ್ ಕಲ್ಲಿದ್ದಲಿನಿಂದ ಬಂದರೆ ಮೊದಲಿಗಿಂತ ಜಾಸ್ತಿ ಹೊಗೆ. ಹಾಗಾಗಿ "ಹಸಿರು ಜಲಜನಕ" ಅಂತ ಯಾರಾದರೂ ಅಂದ ಕೂಡಲೇ ಕರೆಂಟ್ ಎಲ್ಲಿಂದ ಅಂತ ಕೇಳಿ.

ಇನ್ನು ಶಾಖ. ಇಲ್ಲಿ ಹೊಸ ವಿಜ್ಞಾನಕ್ಕಿಂತ ಹಳೇ ಶಿಸ್ತಿಗೆ ಬೆಲೆ ಜಾಸ್ತಿ.

ನನ್ನ ಪ್ಲಾಂಟ್‌ನಲ್ಲಿ ಒಬ್ಬ ಫಿಟ್ಟರ್ ಇದ್ದರು. ಉದ್ದದ ಸ್ಕ್ರೂಡ್ರೈವರ್ ಒಂದರ ತುದಿಯನ್ನು ಸ್ಟೀಮ್ ಟ್ರ್ಯಾಪ್ ಮೇಲೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳುತ್ತಿದ್ದರು, ಡಾಕ್ಟರ್ ಸ್ಟೆತಸ್ಕೋಪ್ ಇಟ್ಟ ಹಾಗೆ. ಸ್ಟೀಮ್ ಟ್ರ್ಯಾಪ್ ಕೆಲಸ ಸುಲಭ: ಪೈಪಿನಲ್ಲಿ ನೀರಾದದ್ದನ್ನು ಹೊರಗೆ ಬಿಡಬೇಕು, ಸ್ಟೀಮನ್ನು ತಡೆಯಬೇಕು. ಸರಿಯಾಗಿದ್ದರೆ ಆಗೊಮ್ಮೆ ಈಗೊಮ್ಮೆ 'ಟಕ್' ಅನ್ನುತ್ತದೆ. ಕೆಟ್ಟು ತೆರೆದುಕೊಂಡಿದ್ದರೆ 'ಸುಯ್' ಅಂತ ಒಂದೇ ಸಮ. ಆ ಸುಯ್ ಅಂದರೆ ಬಾಯ್ಲರ್‌ನಲ್ಲಿ ಉರಿದ ಇಂಧನ ಸೀದಾ ಚರಂಡಿಗೆ. ಅವರು ಬೆಳಗ್ಗೆ ಒಂದು ಸುತ್ತು ಹಾಕಿ ಬಂದು ನಂಬರ್ ಹೇಳುತ್ತಿದ್ದರು, ನಾವು ಬದಲಾಯಿಸುತ್ತಿದ್ದೆವು. ಯಾವ ವರದಿಯಲ್ಲೂ ಆ ಸ್ಕ್ರೂಡ್ರೈವರ್ ಬಂದಿಲ್ಲ.

ಅದರ ಮುಂದಿನ ಹಂತ ಶಾಖವನ್ನು ಹಂಚಿಕೊಳ್ಳುವುದು. ಪ್ಲಾಂಟ್‌ನಲ್ಲಿ ಒಂದು ಕಡೆ ಬಿಸಿ ದ್ರವವನ್ನು ತಣ್ಣೀರು ಹಾಕಿ ತಣಿಸುತ್ತಿರುತ್ತೇವೆ. ಹತ್ತು ಮೀಟರ್ ಆಚೆ ಇನ್ನೊಂದನ್ನು ಸ್ಟೀಮ್ ಕೊಟ್ಟು ಕಾಯಿಸುತ್ತಿರುತ್ತೇವೆ. ಎರಡನ್ನೂ ಒಂದಕ್ಕೊಂದು ಜೋಡಿಸಿ ಅನ್ನುವುದು ಯಾರಿಗಾದರೂ ಹೊಳೆಯುತ್ತದೆ. ಯಾವುದನ್ನು ಯಾವುದಕ್ಕೆ, ಎಷ್ಟರ ಮಟ್ಟಿಗೆ ಅನ್ನುವುದಕ್ಕೆ 1970ರ ದಶಕದ ಕೊನೆಯಲ್ಲಿ ಇಂಜಿನಿಯರ್ ಬೋಡೋ ಲಿನ್‌ಹಾಫ್ ಮತ್ತು ಅವರ ಜೊತೆಗಾರರು ಒಂದು ಕ್ರಮ ಕೊಟ್ಟರು. ಪಿಂಚ್ ಅನಾಲಿಸಿಸ್ ಅಂತ ನಿಮ್ಮ ಸಿಲಬಸ್‌ನಲ್ಲಿ ಇದೆ. ಪರೀಕ್ಷೆಗೆ ಓದಿ ಮರೆಯಬೇಡಿ, ಕೆಲಸಕ್ಕೆ ಬರುವ ವಿಷಯ ಅದು.

ತುಂಬಾ ಮೇಲಿನ ಶಾಖ ಬೇರೆ ಸಮಸ್ಯೆ. ನ್ಯಾಫ್ತಾ ಅನ್ನುವ ಹಗುರ ಪೆಟ್ರೋಲಿಯಂ ಎಣ್ಣೆಯನ್ನು ಒಡೆದು, ಪಾಲಿಥೀನ್‌ಗೆ ಬೇಕಾದ ಎಥಿಲೀನ್ ಮಾಡುವ ಸ್ಟೀಮ್ ಕ್ರ್ಯಾಕರ್ ಕುಲುಮೆಗೆ ಸುಮಾರು 850 ಡಿಗ್ರಿ ಬೇಕು. ಇಷ್ಟು ದಿನ ಅದು ಬೆಂಕಿಯ ಕೆಲಸವಾಗಿತ್ತು. 2024ರ ಏಪ್ರಿಲ್‌ನಲ್ಲಿ ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ನಲ್ಲಿ ಬಿಎಎಸ್‌ಎಫ್, ಸಾಬಿಕ್, ಲಿಂಡೆ ಕಂಪನಿಗಳು ಕರೆಂಟಿನಲ್ಲಿ ಕಾಯುವ ಪ್ರಾಯೋಗಿಕ ಕುಲುಮೆ ಶುರು ಮಾಡಿದವು. ಸಾಮರ್ಥ್ಯ 6 ಮೆಗಾವಾಟ್, ಗಂಟೆಗೆ ಸುಮಾರು ನಾಲ್ಕು ಟನ್ ಕಚ್ಚಾ ವಸ್ತು. ಒಳ್ಳೆಯ ಹೆಜ್ಜೆ. ಆದರೆ ಒಂದು ತೊಡಕು ಇದೆ, ಪತ್ರಿಕೆಗಳಲ್ಲಿ ಅದು ಬರುವುದು ಕಡಿಮೆ. ಈಗಿನ ಕುಲುಮೆಗಳು ಉರಿಸುವುದು ಬಹುಪಾಲು ತಮ್ಮಲ್ಲೇ ಹುಟ್ಟಿದ ಮೀಥೇನನ್ನು. ನ್ಯಾಫ್ತಾ ಒಡೆಯುವಾಗ ಅದು ಬಂದೇ ಬರುತ್ತದೆ. ಕರೆಂಟ್ ಬಂದ ಮೇಲೆ ಆ ಮೀಥೇನ್ ಏನು ಮಾಡುವುದು? ಪಕ್ಕದವರಿಗೆ ಮಾರಿದರೆ ಅವರು ಉರಿಸುತ್ತಾರೆ. ಮತ್ತೆ ಅದೇ ರಿಜಿಸ್ಟರ್, ಬೇರೆಯವರ ಹೆಸರಿನಲ್ಲಿ.

ಈಗ ನನಗೆ ತುಂಬಾ ಇಷ್ಟವಾದ ಕಥೆ, ನೈಲಾನಿನದು. ನೈಲಾನ್-66 ಮಾಡಲು ಅಡಿಪಿಕ್ ಆಸಿಡ್ ಬೇಕು. ಅದನ್ನು ಮಾಡಲು ನೈಟ್ರಿಕ್ ಆಸಿಡ್ ಹಾಕುತ್ತಾರೆ. ಆಗ ನೈಟ್ರಸ್ ಆಕ್ಸೈಡ್ ಬರುತ್ತದೆ, ಅದೇ, ನಗಿಸುವ ಅನಿಲ. ಒಂದು ಟನ್ ಅಡಿಪಿಕ್ ಆಸಿಡ್‌ಗೆ ಸುಮಾರು 300 ಕಿಲೋ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದರ ಒಂದು ಕಿಲೋ 273 ಕಿಲೋ ಡೈಆಕ್ಸೈಡ್‌ಗೆ ಸಮ. ಗುಣಿಸಿ. ಒಂದು ಟನ್ ಆಸಿಡ್ ಹಿಂದೆ ಹತ್ತಿರ ಹತ್ತಿರ 82 ಟನ್ ಡೈಆಕ್ಸೈಡ್‌ನಷ್ಟು! ದಶಕಗಳ ಕಾಲ ಇದು ಯಾರ ಲೆಕ್ಕದಲ್ಲೂ ಇರಲಿಲ್ಲ. 1991ರಲ್ಲಿ ಮಾರ್ಕ್ ಥೀಮೆನ್ಸ್, ವಿಲಿಯಂ ಟ್ರೋಗ್ಲರ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಸಣ್ಣ ಪ್ರಬಂಧ ಬರೆದು, ಗಾಳಿಯಲ್ಲಿ ಹೆಚ್ಚುತ್ತಿರುವ ನೈಟ್ರಸ್ ಆಕ್ಸೈಡ್‌ಗೆ ನೈಲಾನ್ ಕೂಡ ಕಾರಣ ಎಂದರು. ದೊಡ್ಡ ತಯಾರಕರು ಒಟ್ಟಿಗೆ ಕೂತರು. 1990ರ ದಶಕ ಮುಗಿಯುವಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ಆ ಅನಿಲವನ್ನು ಒಡೆಯುವ ಘಟಕ ಹಾಕಿದ್ದರು. ಒಡೆದರೆ ಬರುವುದು ಸಾರಜನಕ, ಆಮ್ಲಜನಕ. ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಹೋಗುತ್ತದೆ. ನೈಲಾನ್ ಬದಲಾಗಲಿಲ್ಲ, ಕಾರ್ಖಾನೆ ಮುಚ್ಚಲಿಲ್ಲ.

ಇದೇ ಥರದ ಇನ್ನೊಂದು ಕಥೆ ಇಷ್ಟು ಚೆನ್ನಾಗಿ ಮುಗಿಯಲಿಲ್ಲ. ಎಚ್‌ಸಿಎಫ್‌ಸಿ-22 ಎಂಬ ಶೀತಕ ಮಾಡುವಾಗ ಎಚ್‌ಎಫ್‌ಸಿ-23 ಎಂಬ ಅನಿಲ ಸ್ವಲ್ಪ ಹುಟ್ಟುತ್ತದೆ. ಅದು ಡೈಆಕ್ಸೈಡ್‌ಗಿಂತ ಹತ್ತು ಸಾವಿರ ಪಟ್ಟಿಗೂ ಜಾಸ್ತಿ ಬಿಸಿ ಮಾಡುವ ಅನಿಲ. ಅದನ್ನು ಸುಟ್ಟು ನಾಶ ಮಾಡಿದರೆ ಹವಾಮಾನದ ಕ್ಯೋಟೋ ಒಪ್ಪಂದದಡಿ ಕಾರ್ಬನ್ ಕ್ರೆಡಿಟ್ ಸಿಗುತ್ತಿತ್ತು, ಅಂದರೆ ಹೊಗೆ ತಗ್ಗಿಸಿದ್ದಕ್ಕೆ ಕೊಡುವ, ದುಡ್ಡಿಗೆ ಮಾರಬಹುದಾದ ಪತ್ರ. ಸುಡುವ ಖರ್ಚು ಕಡಿಮೆ, ಕ್ರೆಡಿಟ್ ಬೆಲೆ ಭಾರೀ. ಕೊನೆಗೆ ಕೆಲವು ಕಾರ್ಖಾನೆಗಳಲ್ಲಿ ಮುಖ್ಯ ಉತ್ಪನ್ನಕ್ಕಿಂತ ಈ ಕಸವೇ ಹೆಚ್ಚು ದುಡ್ಡು ತರುವಂತಾಯಿತು. ಕಸ ಜಾಸ್ತಿ ಹುಟ್ಟಲಿ ಅಂತಲೇ ಪ್ಲಾಂಟ್ ಓಡಿಸುತ್ತಿದ್ದಾರೆ ಎಂಬ ಆಪಾದನೆ ಬಂತು. ಯುರೋಪಿಯನ್ ಒಕ್ಕೂಟ 2013ರಿಂದ ಆ ಕ್ರೆಡಿಟ್‌ಗಳನ್ನು ತನ್ನ ಮಾರುಕಟ್ಟೆಯಲ್ಲಿ ನಿಲ್ಲಿಸಿತು. ಓಝೋನ್ ರಕ್ಷಣೆಯ ಮಾಂಟ್ರಿಯಲ್ ಒಪ್ಪಂದಕ್ಕೆ 2016ರ ಕಿಗಾಲಿ ತಿದ್ದುಪಡಿ ಬಂದ ಮೇಲೆ ಅದನ್ನು ನಾಶ ಮಾಡುವುದು ಬಹುಮಾನದ ಮಾತಾಗಿ ಉಳಿಯದೆ ಕರ್ತವ್ಯವಾಯಿತು. ಮೊದಲೇ ಹಾಗೆ ಮಾಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಕಾನೂನು ಕಸವನ್ನು ಸರಕು ಮಾಡಿದ ಉದಾಹರಣೆ ಇನ್ನೂ ಹಳೆಯದು. 19ನೇ ಶತಮಾನದ ಬ್ರಿಟನ್‌ನಲ್ಲಿ ಲೆಬ್ಲಾಂಕ್ ವಿಧಾನದಲ್ಲಿ ವಾಷಿಂಗ್ ಸೋಡಾ ಮಾಡುತ್ತಿದ್ದರು. ಆಗ ಹುಟ್ಟುವ ಹೈಡ್ರೋಕ್ಲೋರಿಕ್ ಆಸಿಡ್ ಹೊಗೆ ಊರೆಲ್ಲ ಸುಡುತ್ತಿತ್ತು. 1863ರ ಆಲ್ಕಲಿ ಕಾಯ್ದೆ ಆ ಹೊಗೆಯಲ್ಲಿ ನೂರಕ್ಕೆ 95 ಪಾಲು ಹಿಡಿಯಲೇಬೇಕು ಅಂದಿತು. ಹಿಡಿದರು. ಹಿಡಿದ ಆಸಿಡ್‌ನಿಂದ ಕ್ಲೋರಿನ್ ಮಾಡಿ ಬ್ಲೀಚಿಂಗ್ ಪೌಡರ್ ಮಾರಿದರು. ಅಷ್ಟರಲ್ಲಿ ಅರ್ನೆಸ್ಟ್ ಸಾಲ್ವೇ ಬಂದರು. ಅದೇ ಸೋಡಾ ಮಾಡುವ ಅವರ ವಿಧಾನದಲ್ಲಿ ಅಮೋನಿಯಾ ಒಳಗೇ ಸುತ್ತುತ್ತದೆ, ಸ್ವಲ್ಪ ಮಾತ್ರ ಕಳೆಯುತ್ತದೆ. ಲೆಬ್ಲಾಂಕ್ ಮೂಲೆಗೆ ಸೇರಿತು. ಸಾಲ್ವೇ ವಿಧಾನದಲ್ಲೂ ಕ್ಯಾಲ್ಸಿಯಂ ಕ್ಲೋರೈಡ್ ರಾಶಿ ರಾಶಿ ಉಳಿಯುತ್ತದೆ ಅನ್ನುವುದು ಬೇರೆ ಮಾತು.

ಪ್ಲಾಸ್ಟಿಕ್ ವಿಷಯಕ್ಕೆ ಬರೋಣ, ನೀವು ಕಾಯುತ್ತಿದ್ದೀರಿ. 2019ರಲ್ಲಿ ಜಗತ್ತು ಬಳಸಿದ ಪ್ಲಾಸ್ಟಿಕ್ ಸುಮಾರು 46 ಕೋಟಿ ಟನ್. ಕಸದಲ್ಲಿ ನಿಜವಾಗಿ ಮರುಬಳಕೆ ಆದದ್ದು ನೂರಕ್ಕೆ ಒಂಬತ್ತು. ಯಾಕೆ ಇಷ್ಟು ಕಡಿಮೆ? ಪ್ಲಾಸ್ಟಿಕ್ ಅನ್ನುವುದು ಒಂದೇ ವಸ್ತುವಲ್ಲ. ಚಿಪ್ಸ್ ಪೊಟ್ಟಣ ಒಂದನ್ನು ತೆಗೆದುಕೊಳ್ಳಿ. ಒಂದರ ಮೇಲೊಂದು ಮೂರು-ನಾಲ್ಕು ಪದರ, ನಡುವೆ ಅಲ್ಯೂಮಿನಿಯಂ ಲೇಪ, ಮೇಲೆ ಶಾಯಿ, ಮಧ್ಯೆ ಅಂಟು. ಅದನ್ನು ಮಾಡಿದವರಿಗೇ ಬಿಡಿಸಲು ಬರುವುದಿಲ್ಲ.

ನೀರಿನ ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ ಇದರಲ್ಲಿ ಒಳ್ಳೆಯ ಹುಡುಗ. ಒಂದೇ ಪಾಲಿಮರ್ (ಸಣ್ಣ ಅಣುಗಳು ಕೂಡಿ ಆದ ಉದ್ದದ ಸರಪಳಿ), ಬೇರೆ ಮಾಡುವುದು ಸುಲಭ. ತೊಳೆದು, ಚೂರು ಮಾಡಿ, ಕರಗಿಸಿದರೆ ಆಯಿತು. ಖರ್ಚಾಗುವ ಶಕ್ತಿಯೂ ಕಡಿಮೆ. ಪ್ರತಿ ಸಲ ಕರಗಿಸಿದಾಗ ಸರಪಳಿ ಸ್ವಲ್ಪ ತುಂಡಾಗುತ್ತದೆ, ಬಣ್ಣ ಹಳದಿಯಾಗುತ್ತದೆ. ಆಗ ಎರಡನೇ ದಾರಿ: ಅಣುವನ್ನೇ ಬಿಚ್ಚಿ ಮೂಲ ವಸ್ತುಗಳಿಗೆ ಮರಳುವುದು. ಮೆಥನಾಲ್ ಅಥವಾ ಗ್ಲೈಕಾಲ್ ಹಾಕಿ ಬಿಚ್ಚಬಹುದು. 2020ರಲ್ಲಿ ಫ್ರಾನ್ಸ್‌ನ ಕಾರ್ಬಿಯೋಸ್ ಕಂಪನಿಯವರು ಮತ್ತು ಜೊತೆಯ ಸಂಶೋಧಕರು ಒಂದು ಕಿಣ್ವವನ್ನು ತಿದ್ದಿ, ಹತ್ತು ಗಂಟೆಯಲ್ಲಿ ಪೆಟ್‌ನ ನೂರಕ್ಕೆ ತೊಂಬತ್ತನ್ನು ಬಿಚ್ಚಿ ತೋರಿಸಿದರು. ನೈಲಾನ್-6, ಅಕ್ರಿಲಿಕ್ ಗಾಜು ಇವುಗಳೂ ಹೀಗೆ ಮೂಲಕ್ಕೆ ಮರಳುತ್ತವೆ.

ಪಾಲಿಥೀನ್, ಪಾಲಿಪ್ರೊಪಿಲೀನ್ ಮರಳುವುದಿಲ್ಲ. ಅವುಗಳ ಸರಪಳಿಗೆ ಬಿಚ್ಚುವ ಗಂಟೇ ಇಲ್ಲ. ಗಾಳಿ ಇಲ್ಲದೆ ಕಾಯಿಸಿ ಒಡೆದು ಎಣ್ಣೆ ಮಾಡುತ್ತಾರೆ. ಪೈರಾಲಿಸಿಸ್. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿ ನೋಡಿ. ಒಂದಷ್ಟು ಗ್ಯಾಸ್ ಆಗುತ್ತದೆ, ಅದನ್ನು ಅಲ್ಲೇ ಉರಿಸುತ್ತಾರೆ. ಒಂದಷ್ಟು ಮಸಿಯಾಗಿ ಉಳಿಯುತ್ತದೆ. ಎಣ್ಣೆಯನ್ನು ಶುದ್ಧ ಮಾಡಲು ಜಲಜನಕ ಬೇಕು. ಕಸದಲ್ಲಿ ಚೂರು ಪಿವಿಸಿ ಸೇರಿದ್ದರೂ ಹೈಡ್ರೋಕ್ಲೋರಿಕ್ ಆಸಿಡ್ ಬಂದು ಪೈಪು ತಿನ್ನುತ್ತದೆ. ಎಣ್ಣೆ ಕ್ರ್ಯಾಕರ್‌ಗೆ ಹೋದ ಮೇಲೂ ಅದರ ಒಂದು ಪಾಲು ಮಾತ್ರ ಎಥಿಲೀನ್ ಆಗುತ್ತದೆ. ಒಳಗೆ ಹೋದ ಕಾರ್ಬನ್ನಿನಲ್ಲಿ ಎಷ್ಟು ವಾಪಸ್ ಪ್ಲಾಸ್ಟಿಕ್ ಆಯಿತು ಅಂತ ಕೇಳಿದರೆ ಮುಖ ಆ ಕಡೆ ತಿರುಗುತ್ತದೆ.

ಇಲ್ಲಿ ನನಗೊಂದು ಸಂಕಟ ಇದೆ. ಕ್ರ್ಯಾಕರ್‌ಗೆ ನೂರರಲ್ಲಿ ಐದು ಪಾಲು ಈ ಎಣ್ಣೆ ಹಾಕಿ, ಹೊರಬರುವ ಸರಕಿನಲ್ಲಿ ಒಂದಿಷ್ಟಕ್ಕೆ ಮಾತ್ರ "ನೂರಕ್ಕೆ ನೂರು ಮರುಬಳಕೆ" ಅಂತ ಚೀಟಿ ಅಂಟಿಸುವ ಪದ್ಧತಿ ಇದೆ. ಅದಕ್ಕೆ ಇಟ್ಟ ಹೆಸರು ಮಾಸ್ ಬ್ಯಾಲೆನ್ಸ್! ಒಳಗೆ ಹೋದ ತೂಕಕ್ಕೆ ಹೊರಗೆ ಬಂದ ತೂಕ ತಾಳೆ ನೋಡುವ ಲೆಕ್ಕ ಅದು. ನಾವು ರಿಜಿಸ್ಟರ್ ಮುಂದೆ ಕೂತು ಕಲಿತ ಹೆಸರು. ಗ್ರಿಡ್‌ನಿಂದ ಹಸಿರು ಕರೆಂಟ್ ಕೊಂಡ ಹಾಗೆ ಇದೂ ಒಂದು ಲೆಕ್ಕದ ರೀತಿ ಅನ್ನುವವರ ವಾದ ನನಗೆ ಅರ್ಥವಾಗುತ್ತದೆ. ಆದರೆ ಗ್ಯಾಸಾಗಿ ಉರಿದದ್ದನ್ನೂ ಮರುಬಳಕೆ ಅಂತ ಬರೆದುಕೊಂಡರೆ, ಅದು ಪೆನ್ಸಿಲ್‌ನಲ್ಲಿ "ಗಾಳಿಗೆ ಹೋಯ್ತು" ಬರೆದದ್ದಕ್ಕಿಂತ ಕೆಟ್ಟದ್ದು. ಅಲ್ಲಿ ಕೊನೇಪಕ್ಷ ಸತ್ಯ ಇತ್ತು.

ಔಷಧಿ ತಯಾರಿಕೆ ಬಗ್ಗೆ ಎರಡೇ ಮಾತು. ರಸಾಯನಶಾಸ್ತ್ರಜ್ಞ ರೋಜರ್ ಶೆಲ್ಡನ್ 1992ರಲ್ಲಿ ಲೆಕ್ಕ ಕೊಟ್ಟರು: ಒಂದು ಕಿಲೋ ಔಷಧಿಗೆ 25ರಿಂದ 100 ಕಿಲೋ, ಕೆಲವೊಮ್ಮೆ ಅದಕ್ಕೂ ಜಾಸ್ತಿ ತ್ಯಾಜ್ಯ. ಅದರಲ್ಲಿ ದೊಡ್ಡ ಪಾಲು ಸಾಲ್ವೆಂಟ್. ಐಬುಪ್ರೊಫೆನ್ ಮಾಡಲು ಮೊದಲು ಆರು ಹೆಜ್ಜೆ ಬೇಕಿತ್ತು, ಹಾಕಿದ ಪರಮಾಣುಗಳಲ್ಲಿ ನೂರಕ್ಕೆ ನಲವತ್ತು ಮಾತ್ರ ಗುಳಿಗೆ ಸೇರುತ್ತಿದ್ದವು. 1990ರ ದಶಕದ ಆರಂಭದಲ್ಲಿ ಬಂದ ಹೊಸ ದಾರಿಯಲ್ಲಿ ಮೂರೇ ಹೆಜ್ಜೆ, ಎಪ್ಪತ್ತೇಳು ಸೇರುತ್ತವೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಆ ಏಳು ಕಿಲೋ ಸಿಕ್ತಾ?"

ಮರೆತೇಬಿಟ್ಟಿದ್ದೆ. ಸಿಕ್ಕಿತು. ರಿಯಾಕ್ಟರ್ ಮೇಲೆ ನೈಟ್ರೋಜನ್ ವಾಲ್ವ್ ಪೂರ್ತಿ ತೆರೆದಿತ್ತು. ಯಾಕೆ ಅಂದರೆ ಆಪರೇಟರ್ "ಸೇಫ್ಟಿಗೆ ಸರ್" ಅಂದರು. ಬೆಂಕಿ ಆಗದಿರಲು ನೈಟ್ರೋಜನ್ ಬೇಕೇ ಬೇಕು, ಆದರೆ ಸಣ್ಣಗೆ ಹರಿದರೆ ಸಾಕು. ಜೋರಾಗಿ ಹರಿದು ಟೊಲುವೀನ್ ಆವಿಯನ್ನು ಗುಡಿಸಿಕೊಂಡು ಹೋಗುತ್ತಿತ್ತು. ಆವಿಯನ್ನು ತಣಿಸುವ ಕಂಡೆನ್ಸರ್‌ನ ನೀರು ಮಧ್ಯಾಹ್ನ ಬೆಚ್ಚಗಿರುತ್ತಿದ್ದರಿಂದ ಆವಿ ಮತ್ತೆ ದ್ರವ ಆಗುತ್ತಲೂ ಇರಲಿಲ್ಲ. ವಾಲ್ವ್ ಸಣ್ಣ ಮಾಡಿ, ಕಂಡೆನ್ಸರ್‌ಗೆ ಐದು ಡಿಗ್ರಿ ನೀರು ಕೊಟ್ಟೆವು. ನಾಲ್ಕು ಕಿಲೋ ಉಳಿಯಿತು. ಒಂದು ಕಿಲೋ ಡ್ರಮ್ಮಿನಿಂದ ಸುರಿಯುವಾಗ ಹೋಗುತ್ತಿತ್ತು, ಪಂಪ್ ಹಾಕಿದೆವು. ಇನ್ನೊಂದು ಬಟ್ಟಿ ಇಳಿಸುವ ಕಾಲಮ್‌ನ ತಳದಲ್ಲಿ ಉಳಿಯುವ ಟಾರಿನೊಳಗೆ ಕೂತು ಹೋಗುತ್ತಿತ್ತು.

"ಏಳನೆಯದು?"

ಅದನ್ನು ಎರಡು ತಿಂಗಳು ಹುಡುಕಿದೆವು. ಗ್ಯಾಸ್ಕೆಟ್ ಬದಲಾಯಿಸಿದೆವು, ಪಂಪ್ ಸೀಲ್ ಬಿಚ್ಚಿದೆವು, ಆ ಫಿಟ್ಟರ್ ಸ್ಕ್ರೂಡ್ರೈವರ್ ಹಿಡಿದು ಪೈಪೆಲ್ಲ ಕೇಳಿ ಬಂದರು. ಕೊನೆಗೆ ನೋಡಿದರೆ ಗೇಟಿನ ಹತ್ತಿರ ಡ್ರಮ್ ತೂಗುವ ಮಷೀನ್ ನೂರಕ್ಕೆ ಒಂದು ಕಿಲೋ ಜಾಸ್ತಿ ತೋರಿಸುತ್ತಿತ್ತು. ಆ ಕಿಲೋ ಪ್ಲಾಂಟ್ ಒಳಗೆ ಬಂದೇ ಇರಲಿಲ್ಲ. ದುಡ್ಡು ಮಾತ್ರ ಕೊಟ್ಟಿದ್ದೆವು.